ಬಾಯಲ್ಲಿ ಏನೂ ಇರಲಿಲ್ಲ

ತಲೆಗೆ ಎಣ್ಣೆ ಹಚ್ಚಿಕೊಳ್ಳದೆ ಬನ್ನಿ ಎಂದು ನಾವು ಹಂಚಿದ ಚೀಟಿಯಿಂದಲೇ ತೊಂದರೆ ಶುರುವಾಯಿತು. ಚಿತ್ರದುರ್ಗದಲ್ಲಿ ಶಿಬಿರದ ಮೊದಲ ದಿನ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ತಲೆಯಿಂದಲೂ ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು. ಊರು ಬಿಟ್ಟು ದೊಡ್ಡಾಸ್ಪತ್ರೆಗೆ ಹೊರಡುವಾಗ ತಲೆ ಬಾಚಿ ಎಣ್ಣೆ ಹಾಕಿಕೊಳ್ಳುವುದು ನಮ್ಮ ಕಡೆ ಮರ್ಯಾದೆ. ಎಣ್ಣೆ ಮುಟ್ಟದ ತಲೆ ಎಂದರೆ ಸೂತಕದ ಮನೆಯ ತಲೆ. ಐಮಂಗಲದ ಕಡೆಯಿಂದ ಮಗನನ್ನು ಕರೆತಂದಿದ್ದ ಮುದುಕನೊಬ್ಬ ನಮ್ಮ ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದು, "ನಮ್ಮನ್ಯಾಗೆ ಯಾರೂ ಸತ್ತಿಲ್ಲ ಕಣಪ್ಪ. ಕೆದರಿದ ತಲೆ ಹೊತ್ಕಂಡು ಯಾಕ್ ಬರ್ಬೇಕು?" ಎಂದು ಕೇಳಿದ. ನನ್ನ ಮನೆಯಲ್ಲಿ ಸಾವಾಗಿ ಎಂಟು ತಿಂಗಳಾಗಿತ್ತು.

ಎಪ್ಪತ್ತರ ದಶಕದ ನಡುಗಾಲ ಅದು. ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಯುವ ಯಂತ್ರ ನಮ್ಮ ಕಡೆ ಇರಲಿಲ್ಲ. ಮೂರ್ಛೆರೋಗದವರಿಗೆ ಬೆಂಗಳೂರಿಗೆ ಹೋಗಿ ಎಂದು ಬರೆದುಕೊಟ್ಟರೆ ಹೋಗುವವರು ಕಡಿಮೆ. ಆ ಬೇಸಿಗೆಯಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ಯಂತ್ರವನ್ನೇ ವ್ಯಾನಿನಲ್ಲಿ ಹಾಕಿಕೊಂಡು ಬಂದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಒಂದೊಂದು ಊರಿನಲ್ಲಿ ಒಂದು ವಾರದ ಶಿಬಿರ. ಜೊತೆಗೆ ಬಂದ ತಂತ್ರಜ್ಞನಿಗೆ ಮೊದಲ ವಾರದ ಕೊನೆಗೇ ಕಾಮಾಲೆ ಹಿಡಿಯಿತು, ವಾಪಸು ಹೊರಟ. ನಾನು ದುರ್ಗದ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಸಹಾಯಕ. ಓದು ಎಸ್ಸೆಸ್ಸೆಲ್ಸಿ. "ಕತ್ತಲೆ ಕೋಣೇಲಿ ಒಬ್ನೇ ಕೂತಿದ್ದು ಸಾಕು, ಇವರ ಜೊತೆ ನಾಕು ಊರು ತಿರುಗಿ ಬಾರಯ್ಯ" ಎಂದು ನಮ್ಮ ದೊಡ್ಡ ಡಾಕ್ಟರು ಮೊದಲ ದಿನವೇ ನನ್ನನ್ನು ಶಿಬಿರಕ್ಕೆ ಹಾಕಿದ್ದರು. ನನ್ನ ಮುಖ ನೋಡಿ ಮರುಗಿ ಮಾಡಿದ ಏರ್ಪಾಡು. ತಂತ್ರಜ್ಞ ಆರು ದಿನ ಕಲಿಸಿಕೊಟ್ಟಿದ್ದನ್ನು ನಂಬಿ ಬೆಂಗಳೂರಿನ ಡಾಕ್ಟರು ಯಂತ್ರವನ್ನು ನನ್ನ ಕೈಗೆ ಕೊಟ್ಟರು.

ನನ್ನ ಹೆಂಡತಿ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಪಾಚಿಗೆ ಜಾರಿ ಬಿದ್ದು ತೀರಿಕೊಂಡಳು ಎಂದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಹೇಳಿದವನು ನಾನು. ಮದುವೆಯಾದ ನಾಲ್ಕು ವರ್ಷದಲ್ಲಿ ಅವಳಿಗೆ ಎರಡು ಸಲ ಮೂರ್ಛೆ ಬಂದಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವನಾಗಿಯೂ ನಮ್ಮಲ್ಲಿ ತೋರಿಸದೆ, ನಾಲ್ಕು ಜನಕ್ಕೆ ತಿಳಿದೀತೆಂದು ಹೆದರಿ, ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆ. ಗುಳಿಗೆಯನ್ನೂ ಅಲ್ಲಿಂದಲೇ ತರುತ್ತಿದ್ದೆ. ಒಂದು ವರ್ಷ ಮೂರ್ಛೆ ಬರಲಿಲ್ಲ. ಗುಳಿಗೆ ತಿಂದರೆ ಹಗಲೆಲ್ಲ ನಿದ್ದೆ ಎಳೆಯುತ್ತದೆ ಎಂದಳು. ಹಾಗಾದರೆ ಸಾಕು ಬಿಡು ಎಂದೆ. ಆ ಮಾತು ಹೇಳಿದವನೂ ನಾನೇ.

ಇಷ್ಟನ್ನು ಒಳಗಿಟ್ಟುಕೊಂಡು ದಿನಕ್ಕೆ ಹತ್ತು ಹನ್ನೆರಡು ಮೂರ್ಛೆರೋಗದವರ ತಲೆ ಮುಟ್ಟುವ ಕೆಲಸ ಮಾಡಿದೆ. ಮೂಗಿನ ಮೇಲಿನ ತಗ್ಗಿನಿಂದ ಹಿಂದಲೆಯ ಗುಬುಟಿನವರೆಗೆ ಟೇಪು ಹಿಡಿದು ಅಳೆಯಬೇಕು. ಆಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ. ಆ ಅಳತೆಯನ್ನು ಭಾಗ ಮಾಡಿ ಜಾಗ ಗುರುತಿಸಿ, ಕೂದಲು ಬಿಡಿಸಿ, ಸ್ಪಿರಿಟ್ಟಿನಿಂದ ಉಜ್ಜಿ, ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಸುತ್ತಿದ ಬೆಳ್ಳಿಯ ಬಿಲ್ಲೆಗಳನ್ನು ರಬ್ಬರು ಪಟ್ಟಿಗಳ ಟೋಪಿಯ ಕೆಳಗೆ ಕೂರಿಸಬೇಕು. ಒಂದೊಂದು ಬಿಲ್ಲೆಗೂ ಒಂದು ತಂತಿ. ಯಂತ್ರದಲ್ಲಿ ಎಂಟು ಪೆನ್ನು. ಕಾಗದ ಓಡಲು ಶುರುವಾದರೆ ಎಂಟೂ ಪೆನ್ನು ಒಟ್ಟಿಗೆ ಗೆರೆ ಎಳೆಯುತ್ತವೆ. ಕಣ್ಣು ಮುಚ್ಚಿದಾಗ ಒಂದು ತರ, ತೆರೆದಾಗ ಒಂದು ತರ. ಮೂರು ನಿಮಿಷ ಜೋರಾಗಿ ಉಸಿರಾಡಿಸಿದಾಗ ಇನ್ನೊಂದು ತರ. ಮಲಗಿದವರು ಕೆಮ್ಮಿದರೆ, ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ ಅದೂ ಗೆರೆಯಾಗುತ್ತದೆ. ಅಂಥದ್ದಾದಾಗ ಯಂತ್ರದ ಬಳಿ ನಿಂತವನು ತಕ್ಷಣ ಪೆನ್ಸಿಲ್ಲಿನಲ್ಲಿ ಕಾಗದದ ಮೇಲೆ 'ಕೆಮ್ಮು', 'ರೆಪ್ಪೆ' ಎಂದು ಬರೆಯಬೇಕು. ಕಾಗದ ಓದುವ ಡಾಕ್ಟರಿಗೆ ಮಲಗಿದವರ ಮುಖ ಕಾಣುವುದಿಲ್ಲ. ಅವರ ಪಾಲಿನ ಕಣ್ಣು ನಾನು.

ಎಣ್ಣೆಯ ತೊಂದರೆಯನ್ನು ನಮ್ಮ ಜೊತೆ ಬಂದಿದ್ದ ಆಯಾ ಬಗೆಹರಿಸಿದಳು. ಐವತ್ತು ದಾಟಿದ ಹೆಂಗಸು, ಬಾಯಿ ಜೋರು. ಹೋದ ಊರಲ್ಲೆಲ್ಲ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಹಂಡೆಯಲ್ಲಿ ನೀರು ಕಾಯಿಸಿ, ಬಂದವರ ತಲೆಗೆಲ್ಲ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಆದರೆ ಹಿರಿಯೂರಿನಲ್ಲಿ ಬೇರೆ ಕಾಟ. ಮೊದಲ ದಿನ ಎಂಟು ಪೆನ್ನೂ ಕಂಬಳಿಹುಳದ ಹಾಗೆ ದಪ್ಪ ಗೆರೆ ಎಳೆದವು. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ತಗಡು ಹೂತು, ಅದಕ್ಕೆ ಅರ್ಥ್ ತಂತಿ ಕಟ್ಟಿ, ಕೊಡಗಟ್ಟಲೆ ನೀರು ಹುಯ್ದೆವು. ಹೋಗಲಿಲ್ಲ. ಕೊನೆಗೆ ನೋಡಿದರೆ ಗೋಡೆಯಾಚೆ ಹಿಟ್ಟಿನ ಗಿರಣಿಯ ಮೋಟಾರು. ಗಿರಣಿಯವನ ಕೈಕಾಲು ಹಿಡಿದು ಮಧ್ಯಾಹ್ನದವರೆಗೆ ನಿಲ್ಲಿಸಿಕೊಂಡೆವು.

ಅಲ್ಲಿಯೇ ಎಲೆ ಅಡಿಕೆಯ ರಂಪವೂ ಆಯಿತು. ಬಾಗಿಲಲ್ಲಿ ಆಯಾ ಎಲ್ಲರ ಬಾಯಿ ತೊಳೆಸಿ ಒಳಗೆ ಬಿಡುತ್ತಿದ್ದಳು. ಆದರೂ ದವಡೆಯ ಸಂದಿಯಲ್ಲಿ ಒಂದು ಚೂರು ಹೊಗೆಸೊಪ್ಪು ಇಟ್ಟುಕೊಂಡೇ ಬಂದು ಮಲಗುವವರಿದ್ದರು. ಅದಿಲ್ಲದಿದ್ದರೆ ಅವರಿಗೆ ಕೈಕಾಲು ಆಡದು. ಟೋಪಿ ಹಾಕಿ ದೀಪ ಆರಿಸಿದ ಮೇಲೆ ಮೆಲ್ಲಗೆ ಅಗಿಯಲು ಶುರು. ನಾನು ಗಮನಿಸದೆ ಎರಡು ಕಾಗದ ಹಾಳಾದವು. ಡಾಕ್ಟರು ಆ ದಿನ ಸಿಡುಕಿದರು. "ಏನ್ರೀ, ಇದು ಮಿದುಳೋ ದವಡೆಯೋ ನಾನು ಹೇಗೆ ತಿಳಿಯಲಿ? ಬಾಯಿ ಆಡಿದ್ದು ಕಂಡ್ರೆ ಗುರುತು ಹಾಕಿ ಮುಂದಕ್ಕೆ ಹೋಗಿ. ಗುರುತು ಇದ್ದ ಕಡೆ ನಾನು ಓದೋದಿಲ್ಲ."

ಅಂದಿನಿಂದ ನಾನು ಪೆನ್ನುಗಳಿಗಿಂತ ಹೆಚ್ಚಾಗಿ ದವಡೆಗಳನ್ನು ನೋಡತೊಡಗಿದೆ.

ಹೊಸದುರ್ಗದ ಎರಡನೇ ದಿನ, ಮಂಗಳವಾರ, ಮತ್ತೋಡಿನ ಕಡೆಯ ಹಟ್ಟಿಯೊಂದರಿಂದ ಕುರಿ ಕಾಯುವ ಮನೆಯವರು ಬಂದರು. ಅತ್ತೆ, ಮಗ, ಸೊಸೆ. ಸೊಸೆಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಮೂರು ವರ್ಷದ ಹಿಂದೆ ಬಿದ್ದು ಒದ್ದಾಡುವ ಮೂರ್ಛೆ ಬರುತ್ತಿತ್ತಂತೆ. ಗುಳಿಗೆ ತಿನ್ನಲು ಹಿಡಿದ ಮೇಲೆ ಎರಡು ವರ್ಷದಿಂದ ಬಿದ್ದಿಲ್ಲ. ಇನ್ನು ಗುಳಿಗೆ ನಿಲ್ಲಿಸಬಹುದೇ ನೋಡಿ ಎಂದು ಅಲ್ಲಿಯ ಡಾಕ್ಟರು ಬರೆದುಕೊಟ್ಟಿದ್ದರು. ಇಷ್ಟು ದಿನ ಅತ್ತೆ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ, ನೀರಿಗೆ ಇಳಿಸಿರಲಿಲ್ಲ.

ಹಿತ್ತಲಿನಿಂದ ಆಯಾಳ ದನಿ ಕೇಳುತ್ತಿತ್ತು. "ಏನಜ್ಜಿ, ಸೊಸೆ ತಲೆ ಗಾಣಕ್ಕೆ ಅದ್ದಿ ತಂದೀಯ?"

"ಒಣಗಿದ ತಲೇಲಿ ಕರ್ಕಂಬಂದ್ರೆ ಅತ್ತೆ ಸರಿಯಿಲ್ಲ ಅಂತಾರೆ ಕಣವ್ವ."

"ಈಗ ನಾನು ತೊಳ್ದು ಒಣಗಿಸ್ತೀನಲ್ಲ?"

"ನೀನು ಸರ್ಕಾರದೋಳು. ನಿಂಗ್ಯಾರು ಏನಂತಾರೆ? ತಿಕ್ಕು, ತಿಕ್ಕು."

ಒಳಗೆ ಬಂದು ಮಲಗಿದವಳು ಟೋಪಿ ನೋಡಿ ಹೆದರಿದಳು. "ಅಣ್ಣಾ, ಕರೆಂಟು ಹೊಡೀತೈತಾ?"

"ಇಲ್ಲ ತಂಗಿ. ನಿನ್ನ ತಲೇಲಿ ಇರೋದನ್ನ ಇದು ಬರಕೊಳ್ತೈತೆ, ಅಷ್ಟೇ."

"ನಮ್ಮತ್ತೆ ಬೈಕಂಡಿದ್ದೂ ಬರೀತೈತಾ?" ಎಂದಳು. ಬಾಗಿಲ ಬಳಿ ಕುಳಿತಿದ್ದ ಅತ್ತೆ, "ಬರೀಲಿ ಬಿಡು, ನಿಮ್ಮಪ್ಪುಂಗೆ ಓದ್ಸಾಣ" ಎಂದಳು.

ಕಾಗದ ಓಡಿತು. ಮೊದಲ ಹತ್ತು ನಿಮಿಷ ಚೊಕ್ಕವಾದ ಗೆರೆಗಳು. ಜೋರಾಗಿ ಉಸಿರಾಡಿಸಿದ್ದು ಮುಗಿದು ಸ್ವಲ್ಪ ಹೊತ್ತಿಗೆ ಪೆನ್ನುಗಳು ಅಲುಗಾಡಿದವು. ತಲೆ ಎತ್ತಿ ನೋಡಿದೆ. ಅವಳ ಬಾಯಿ ಆಡುತ್ತಿತ್ತು. ತುಟಿ ಚಪ್ಪರಿಸುತ್ತ, ಏನನ್ನೋ ಮೆಲ್ಲುವ ಹಾಗೆ. ನನಗೆ ಸಿಟ್ಟು ಬಂತು. "ಬಾಯಲ್ಲಿರೋದು ಉಗಿ ತಂಗಿ" ಎಂದೆ. ಉತ್ತರವಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ. ಕಣ್ಣು ತೆರೆದೇ ಇತ್ತು, ಮಾತಿಲ್ಲ. ನಾಚಿಕೆಯೋ ಹೆದರಿಕೆಯೋ ಅಂದುಕೊಂಡೆ. ಪೆನ್ಸಿಲ್ಲು ತೆಗೆದು ಕಾಗದದ ಮೇಲೆ 'ಎಲೆ ಅಡಿಕೆ' ಎಂದು ಬರೆದು ಉದ್ದಕ್ಕೂ ಅಡ್ಡಗೆರೆ ಹಾಕಿದೆ. ಅರ್ಧ ನಿಮಿಷ ಕಳೆದಿರಬಹುದು. ಅವಳು ನನ್ನ ಕಡೆ ತಿರುಗಿ, "ಏನಂದ್ರಿ?" ಎಂದಳು. ಆಗ ಬಾಯಿ ಆಡುವುದು ನಿಂತಿತ್ತು. ನುಂಗಿದಳು ಎಂದುಕೊಂಡು ಮುಂದಕ್ಕೆ ಹೋದೆ.

ಸಂಜೆ ಡಾಕ್ಟರು ಕಾಗದ ಮಗುಚಿ ನೋಡಿದರು. ಗುರುತು ಹಾಕಿದ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಚೊಕ್ಕ. ಎರಡು ವರ್ಷದಿಂದ ಮೂರ್ಛೆಯೂ ಇಲ್ಲ. ಗುಳಿಗೆ ಅರ್ಧಕ್ಕೆ ಇಳಿಸಿ, ಒಂದು ತಿಂಗಳು ನೋಡಿ, ಆಮೇಲೆ ನಿಲ್ಲಿಸಬಹುದು ಎಂದು ಬರೆದರು. ಬುಧವಾರ ಬೆಳಿಗ್ಗೆ ಚೀಟಿಯನ್ನು ಆ ಮನೆಯವರಿಗೆ ಓದಿ ಹೇಳಿದವನು ನಾನು. "ಕಾಗದದಲ್ಲಿ ಏನೂ ದೋಷ ಇಲ್ಲ" ಎನ್ನುವಷ್ಟರಲ್ಲಿ ಅತ್ತೆ ಎರಡೂ ಕೈ ಎತ್ತಿ ಮುಗಿದಳು. ಮುಂದಿನದನ್ನು, ಅರ್ಧ ಗುಳಿಗೆಯ ಮಾತನ್ನು, ಹೇಳಿದೆ. ಕಿವಿಗೆ ಹಾಕಿಕೊಂಡರೋ ಇಲ್ಲವೋ ಎಂದು ಕೇಳಿ ನೋಡಲಿಲ್ಲ. ಹಿಂದೆ ಹತ್ತು ಜನ ನಿಂತಿದ್ದರು.

ಗುರುವಾರ ಬೆಳಿಗ್ಗೆ ಪೆನ್ನುಗಳ ಮೂತಿಗೆ ತೆಳು ತಂತಿ ಹಾಕಿ ಕಟ್ಟಿಕೊಂಡ ಮಸಿ ತೆಗೆಯುತ್ತಿದ್ದೆ. ಆಯಾ ಹಂಡೆ ಇಳಿಸುತ್ತ ಯಾರನ್ನೋ ಬೈಯುತ್ತಿದ್ದಳು. ಬಾಯಲ್ಲಿ ಹೊಗೆಸೊಪ್ಪು ಬಚ್ಚಿಟ್ಟುಕೊಂಡಿದ್ದ ಮುದುಕನನ್ನು.

"ನೀನೂ ಎಲ್ಲರನ್ನೂ ಸರಿಯಾಗಿ ನೋಡಿ ಬಿಡಲ್ಲ. ಮೊನ್ನೆ ಆ ಕುರಿಯೋರ ಸೊಸೆಯೂ ಅಗೀತಿದ್ಲು" ಎಂದೆ.

"ಯಾರು, ಆ ಹುಡುಗೀನಾ?" ಆಯಾ ಹಂಡೆ ಬಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ನಾನೇ ಬೆಟ್ಟು ಹಾಕಿ ನೋಡೀನಿ ಕಣಪ್ಪ. ಬಾಯಲ್ಲಿ ಏನೂ ಇರ್ಲಿಲ್ಲ. ಅಡಿಕೆ ಮುಟ್ಟೋದೇ ಇಲ್ಲ ಅಂದ್ಳು, ಹಲ್ಲು ಮಲ್ಲಿಗೆ ಇದ್ದಂಗವೆ. ನೀನು ನೋಡ್ಲಿಲ್ವಾ?"

ಕೈಯಲ್ಲಿದ್ದ ತಂತಿ ಕೆಳಗಿಟ್ಟೆ. ಕಟ್ಟಿಟ್ಟ ಕಾಗದಗಳಲ್ಲಿ ಅವಳದನ್ನು ಹುಡುಕಿ ತೆಗೆದೆ. ನನ್ನ ಅಡ್ಡಗೆರೆಯ ಕೆಳಗೆ ನೋಡಿದೆ. ನಿಜವಾಗಿ ಅಗಿದವರ ಕಾಗದ ಹಿರಿಯೂರಿನಲ್ಲಿ ಕಂಡಿದ್ದೆ. ಅದು ಎರಡೂ ಕಡೆಯ ಪೆನ್ನುಗಳಲ್ಲಿ ಮುಳ್ಳುಮುಳ್ಳಾಗಿ, ಬಿಟ್ಟುಬಿಟ್ಟು ಬರುತ್ತದೆ. ಇಲ್ಲಿ ಹಾಗಿರಲಿಲ್ಲ. ಎಡಗಡೆಯ ಎರಡು ಪೆನ್ನುಗಳಲ್ಲಿ ಸಣ್ಣದಾಗಿ ಶುರುವಾದ ನುಣುಪಾದ ಅಲೆ ದೊಡ್ಡದಾಗುತ್ತ, ಒಂದೇ ಲಯದಲ್ಲಿ ಸಾಗಿ, ತಟ್ಟನೆ ನಿಂತಿತ್ತು. ಒಂದು ಪೆನ್ನು ಮೇಲಕ್ಕೆ ಹೋದಾಗ ಇನ್ನೊಂದು ಕೆಳಕ್ಕೆ. ತಂತ್ರಜ್ಞ ಕಲಿಸುವಾಗ ಹೇಳಿದ್ದ: ಎರಡು ಪೆನ್ನು ಹೀಗೆ ಎದುರುಬದುರಾದ ಕಡೆ ಬೆಂಕಿ ಇದೆ ಅಂದುಕೋ. ಅವಳ ಬಾಯಿ ಆಡಲು ಶುರುವಾದದ್ದು ಆ ಅಲೆ ಶುರುವಾದ ಮೇಲೆ. ನಿಂತದ್ದು ಅದು ನಿಂತಾಗಲೇ.

ಆಗ ನನಗೆ ನೆನಪಾದದ್ದನ್ನು ಇಲ್ಲಿ ಬರೆಯಲೇಬೇಕು. ನನ್ನ ಹೆಂಡತಿ ಒಲೆಯ ಮುಂದೆ ಕುಳಿತು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಬಾಯಿ ಚಪ್ಪರಿಸುತ್ತಿದ್ದಳು. ವಾರಕ್ಕೊಂದು ಸಲ, ಎರಡು ಸಲ. "ಏನೇ, ಕದ್ದು ತಿಂತಿದ್ದೀಯ?" ಎಂದು ರೇಗಿಸುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ಏನಂದ್ರಿ?" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಗುಳಿಗೆ ನಿಲ್ಲಿಸುವಾಗ ಒಂದು ವರ್ಷದಿಂದ ಮೂರ್ಛೆ ಬಂದಿಲ್ಲ ಎಂದು ನಾನು ಹೇಳಿದ ಲೆಕ್ಕದಲ್ಲಿ ಇವು ಯಾವುವೂ ಸೇರಿರಲಿಲ್ಲ.

ಕಾಗದ ಹಿಡಿದು ಡಾಕ್ಟರ ಬಳಿ ಹೋದೆ. ಅವರು ಇಡ್ಲಿ ತಿನ್ನುತ್ತಿದ್ದರು. "ಸಾರ್, ಇಲ್ಲಿ ಎಲೆ ಅಡಿಕೆ ಅಂತ ಬರೆದಿದ್ದೀನಿ. ಅವಳ ಬಾಯಲ್ಲಿ ಏನೂ ಇರಲಿಲ್ಲವಂತೆ" ಎಂದೆ. ಅವರು ಕೈ ತೊಳೆದು ಬಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು.

"ಇದು ಅಗಿಯೋದಲ್ಲ. ಇದೇ ಫಿಟ್ಸು. ಬೀಳೋದಿಲ್ಲ, ಒದ್ದಾಡೋದಿಲ್ಲ, ಅರ್ಧ ನಿಮಿಷ ಇಲ್ಲಿ ಇರೋದಿಲ್ಲ, ಅಷ್ಟೇ. ಮಾತಾಡಿಸಿದಾಗ ಉತ್ತರ ಕೊಟ್ಟಳೇನು?"

"ಇಲ್ಲ ಸಾರ್. ಎರಡು ಸಲ ಕೂಗಿದೆ."

"ಅದನ್ನ ಬರೀಲಿಲ್ವಲ್ಲ ನೀವು" ಎಂದವರು, ಕುರ್ಚಿಯಲ್ಲಿ ಕುಳಿತು, "ನಾನೂ ಓದಲಿಲ್ಲ. ಗುರುತು ಇದೆ ಅಂತ ಬಿಟ್ಟುಬಿಟ್ಟೆ. ಕಾಗದ ಚೆನ್ನಾಗಿದ್ದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಅತ್ತೆ, ಗಂಡ ಕೂತಿದ್ರಲ್ಲ, ಬಾಯಿ ಆಡಿಸ್ತಾಳಾ, ಮರೆವು ಬರುತ್ತಾ ಅಂತ ಕೇಳಬೇಕಾಗಿತ್ತು ನಾನು" ಎಂದರು. ಮತ್ತೋಡಿನ ಆರೋಗ್ಯ ಕೇಂದ್ರಕ್ಕೆ ಕಾಗದ ಬರೆದು ಅಂಚೆಗೆ ಹಾಕುತ್ತೇನೆ, ಎರಡು ಮೂರು ದಿನದಲ್ಲಿ ತಲುಪುತ್ತದೆ ಎಂದರು.

ಎರಡು ಮೂರು ದಿನ. ಕೆರೆಯ ಮೆಟ್ಟಿಲಲ್ಲಿ ಅರ್ಧ ನಿಮಿಷ ಸಾಕಾಗಿತ್ತು.

"ನಾನೇ ಹೋಗ್ತೀನಿ ಸಾರ್."

"ಹೊರಗೆ ಹನ್ನೆರಡು ಜನ ಕೂತಿದ್ದಾರೆ. ಯಂತ್ರ ಯಾರು ನೋಡ್ತಾರೆ?"

ನಾನು ಕದಲದೆ ನಿಂತೇ ಇದ್ದೆ. ನೌಕರಿಗೆ ಸೇರಿದ ಮೇಲೆ ಮೇಲಿನವರ ಮಾತಿಗೆ ಎದುರಾಗಿ ಹಾಗೆ ನಿಂತದ್ದು ಅದೇ ಮೊದಲು. ಡಾಕ್ಟರು ನನ್ನ ಮುಖ ನೋಡಿ ಏನು ತಿಳಿದರೋ, ಗುಳಿಗೆಯ ಪೊಟ್ಟಣ ಕಟ್ಟಿ ಚೀಟಿ ಬರೆದುಕೊಟ್ಟರು. "ಹೋಗಿ. ಇವತ್ತು ತಲೆ ನಾನೇ ಅಳೀತೀನಿ. ಒಂದು ಮಾತು: ತಿನ್ನೋ ಗುಳಿಗೆ ಒಮ್ಮೆಗೇ ಬಿಟ್ಟರೆ ದೊಡ್ಡ ಫಿಟ್ಸೇ ಬರಬಹುದು. ಬಿಟ್ಟಿದ್ದಾರಾ ಮೊದಲು ಕೇಳಿ."

ಮತ್ತೋಡಿನ ಬಸ್ಸು ಹತ್ತೂವರೆಗೆ ಬರಬೇಕಾದದ್ದು ಹನ್ನೊಂದು ದಾಟಿ ಬಂತು. ದಾರಿಯಲ್ಲಿ ಒಂದು ಕಡೆ ಇಂಜಿನ್ನಿಗೆ ನೀರು ಹುಯ್ಯಲು ನಿಂತಿತು. ಡ್ರೈವರು ಕೊಡ ಹುಡುಕಿಕೊಂಡು ಹೋದ. ನಾನು ಇಳಿದು ಬಸ್ಸಿನ ಸುತ್ತ ಎರಡು ಸುತ್ತು ಹಾಕಿದೆ. ಕಂಡಕ್ಟರು, "ಏನ್ ಸ್ವಾಮಿ, ಹೆರಿಗೆ ಮಾಡ್ಸಾಕ್ ಹೊಂಟೀರಾ? ಕುಂತ್ಕಳ್ರಿ, ಹೋಗಾಣ" ಎಂದ. ಬಸ್ಸಿನವರೆಲ್ಲ ನಕ್ಕರು. ಕುಳಿತೆ. ಜೇಬಿನ ಪೊಟ್ಟಣವನ್ನು ಮುಟ್ಟಿ ಮುಟ್ಟಿ ಕಾಗದ ಬೆವರಿಗೆ ಮೆತ್ತಗಾಯಿತು.

ಬಸ್ಸಿಳಿದು ಒಂದು ಗಂಟೆ ನಡೆದು ಹಟ್ಟಿ ಸೇರಿದರೆ ಮನೆಗೆ ಬೀಗ. ಪಕ್ಕದ ಜಗಲಿಯಲ್ಲಿ ಉಣ್ಣೆ ಹಿಂಜುತ್ತಿದ್ದ ಮುದುಕಿ ತಲೆ ಎತ್ತದೆ, "ಉಣ್ಣೆ ಕತ್ತರ್ಸೋ ದಿನ ಬಂತಲ್ಲಪ್ಪ. ಕುರಿ ಮೈ ತೊಳ್ಯಾಕೆ ಕಣಿವೆ ಹಿನ್ನೀರಿಗೆ ಹೊಡ್ಕಂಡು ಹೋಗವ್ರೆ" ಎಂದಳು.

"ಸೊಸೆ?"

"ಅವಳೇ ಮುಂದೆ. ಅವಳಿಗೆ ವಾಸಿಯಾತಂತಲ್ಲ. ಎರಡು ವರ್ಷದ ಮ್ಯಾಲೆ ನೀರಿಗೆ ಇಳೀತೀನಿ ಅಂತ ಕುಣೀತಿದ್ಲು."

ಎಷ್ಟು ದೂರ ಎಂದು ಕೇಳಿದ್ದಕ್ಕೆ ಕೈ ತೋರಿಸಿದಳು. ಹೊಲಗಳ ನಡುವೆ ಓಡಿದೆ, ನಡೆದೆ, ಮತ್ತೆ ಓಡಿದೆ. ಚಪ್ಪಲಿಯ ಉಂಗುಟ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡೆ. ಯಾರಾದರೂ ಎದುರಿಗೆ ಅಳುತ್ತ ಬರುತ್ತಾರೆಯೇ ಎಂದು ಕಣ್ಣು ದಾರಿಯ ತುದಿಯಲ್ಲೇ ಇತ್ತು. ಕೆರೆಯಿಂದ ನನಗೆ ಸುದ್ದಿ ತಂದವನು ಹಾಗೆ ಬಂದಿದ್ದ.

ಮೊದಲು ಕೇಳಿಸಿದ್ದು ಕುರಿಗಳ ಕೂಗು. ಆಮೇಲೆ ನೀರು ಕಂಡಿತು. ಗಂಡಸರು ಎದೆಮಟ್ಟ ನೀರಿನಲ್ಲಿ ಸಾಲಾಗಿ ನಿಂತು ಕುರಿಗಳನ್ನು ಒಬ್ಬರ ಕೈಯಿಂದ ಒಬ್ಬರು ಹಿಡಿದು ಮುಳುಗಿಸಿ ಮುಂದಕ್ಕೆ ದಾಟಿಸುತ್ತಿದ್ದರು. ಹೆಂಗಸರು ಸೊಂಟಮಟ್ಟ ನೀರಿನಲ್ಲಿ ಉಣ್ಣೆ ಹಿಸುಕಿ ಕೊಳೆ ತೆಗೆದು ದಡಕ್ಕೆ ಬಿಡುತ್ತಿದ್ದರು. ಆ ಸಾಲಿನ ಕೊನೆಯಲ್ಲಿ ಅವಳಿದ್ದಳು. ಒಂದು ಟಗರಿನ ಕೊಂಬು ಹಿಡಿದು ನಗುತ್ತಿದ್ದಳು. ಹೋದ ಉಸಿರು ಬಂತು. ಆ ಕ್ಷಣಕ್ಕೇ ಮತ್ತೆ ಹೆದರಿಕೆಯಾಯಿತು, ಏಕೆಂದರೆ ಅವಳ ಹಿಂದೆ ನೀರು ಕಪ್ಪಗಿತ್ತು.

ದಡದಲ್ಲಿದ್ದ ಅತ್ತೆ ನನ್ನನ್ನು ಗುರುತಿಸಿ ಎದ್ದಳು. "ಏನಪ್ಪ, ಇಷ್ಟು ದೂರ? ಬರ್ರಿ, ಮಜ್ಜಿಗೆ ಕುಡೀರಿ."

"ಗುಳಿಗೆ ಕೊಟ್ಟಿದ್ದೀರಾ ಅಮ್ಮ?"

"ಏನೂ ಇಲ್ಲ ಅಂದ್ಮ್ಯಾಲೆ ಗುಳಿಗೆ ಯಾಕೆ? ಉಳ್ದಿದ್ದನ್ನ ಆ ಗಿರಕಿ ಹೊಡೆಯೋ ಕುರಿಗೆ ಹಾಕ್ದೆ. ನೋಡು, ಹೆಂಗೆ ನಿದ್ದೆ ಮಾಡ್ತೈತೆ!" ಎಂದು ಬೇಲಿಯ ನೆರಳಿನಲ್ಲಿ ಮಲಗಿದ್ದ ಕುರಿಯೊಂದನ್ನು ತೋರಿಸಿದಳು. ತಲೆ ವಾಲಿಸಿಕೊಂಡು ಸುತ್ತುತ್ತಲೇ ಇರುವ ರೋಗದ ಕುರಿ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

"ಅವಳನ್ನ ಮೇಲಕ್ಕೆ ಕರೀರಿ. ಈಗಲೇ ಕರೀರಿ" ಎಂದೆ.

ನನ್ನ ದನಿಗೆ ನೀರಿನಲ್ಲಿದ್ದವರೆಲ್ಲ ತಿರುಗಿದರು. ಗಂಡ ಕುರಿ ಬಿಟ್ಟು ದಡಕ್ಕೆ ಬಂದ. ಕಾಗದದಲ್ಲಿ ದೋಷ ಇತ್ತು, ನಾನು ತಪ್ಪು ಗುರುತು ಹಾಕಿದ್ದೆ, ಗುಳಿಗೆ ನಿಲ್ಲಿಸುವ ಹಾಗಿಲ್ಲ ಎಂದು ಹೇಳಿದೆ. ಅವನ ಮುಖ ಕೆಂಪಾಯಿತು.

"ನಿನ್ನೆ ಇಲ್ಲ ಅಂತೀರ, ಇವತ್ತು ಐತೆ ಅಂತೀರ. ನಮ್ಮ ತಲೆ ಏನು ನಿಮಗೆ ಆಟದ ಸಾಮಾನೇನ್ರಿ? ನಾಳೆ ಬಂದು ಇನ್ನೇನಂತೀರ?"

"ಬೈಯಿ. ನೀನು ಬೈಯೋದು ಸರಿ. ಅವಳು ಮೊದಲು ಮೇಲೆ ಬರಲಿ."

ಅವಳು ಬರಲಿಲ್ಲ. ಟಗರಿನ ಕೊಂಬು ಹಿಡಿದೇ ನಿಂತು, "ಎರಡು ವರ್ಷ ದಡದಾಗೆ ಕುಂತು ಮರಿ ಕಾಯ್ದೀನಿ ಅಣ್ಣಾ. ಇವತ್ತೊಂದಿನ ಬಿಡ್ರಿ" ಎಂದಳು.

ಅತ್ತೆಯ ಕಡೆ ತಿರುಗಿ ಕೇಳಿದೆ. "ಅಮ್ಮ, ಸುಮ್ಮಸುಮ್ಮನೆ ಬಾಯಿ ಚಪ್ಪರಿಸ್ತಾಳಾ? ಕರೆದ್ರೆ ಓಗೊಡದೆ ಇರ್ತಾಳಾ?"

ಅತ್ತೆ ಸೊಸೆಯ ಕಡೆ ನೋಡಿದಳು. "ಅದಾ? ಅದು ಅವಳ ಚಾಳಿ ಕಣಪ್ಪ. ಮೇಕೆ ಮೆಲುಕು ಹಾಕ್ದಂಗೆ. ನಾವೂ ನಗಾಡ್ತೀವಿ" ಎಂದಳು. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ ನಿಲ್ಲಿಸಿದಳು.

"ನಾನೂ ನಗಾಡಿದ್ದೆ. ನನ್ನ ಹೆಂಡತೀನೂ ಹಾಗೇ ಮಾಡ್ತಿದ್ದಳು. ಅದೇ ಮೂರ್ಛೆ ಅಂತ ನನಗೆ ಗೊತ್ತಿರಲಿಲ್ಲ. ನಾನೇ ಗುಳಿಗೆ ಬಿಡಿಸಿದೆ. ಕೆರೇಲಿ ಬಟ್ಟೆ ಒಗೀತಾ ಹೋದಳು. ಜಾರಿ ಬಿದ್ದಳು ಅಂತ ಎಲ್ಲರಿಗೂ ಹೇಳಿದ್ದೀನಿ. ಜಾರಿರಲಿಲ್ಲ."

ಆ ಮಾತನ್ನು ಅಲ್ಲಿಯವರೆಗೆ ನಾನು ಬಾಯಿ ಬಿಟ್ಟು ಆಡಿರಲಿಲ್ಲ. ನನ್ನ ತಾಯಿಗೂ ಹೇಳಿರಲಿಲ್ಲ. ಗುರುತಿಲ್ಲದ ಹತ್ತು ಹದಿನೈದು ಜನರ ಎದುರಿಗೆ, ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಹೇಳಿದೆ. ಕುರಿಗಳು ಕೂಗುತ್ತಲೇ ಇದ್ದವು. ಗಂಡ ತಲೆಯ ವಲ್ಲಿ ಬಿಚ್ಚಿ ಮುಖ ಒರೆಸಿಕೊಂಡ.

ಅವಳು ಟಗರನ್ನು ಬಿಟ್ಟಳು. ನೀರು ತಳ್ಳಿಕೊಂಡು ದಡಕ್ಕೆ ಬಂದು, ಸೀರೆ ಹಿಂಡಿಕೊಂಡು ನನ್ನೆದುರು ನಿಂತಳು.

"ಅಕ್ಕನ ಕಾಗ್ದ ತೆಗ್ದಿದ್ರಾ ಅಣ್ಣಾ?"

"ಇಲ್ಲ. ತೆಗೆಸಲಿಲ್ಲ."

"ಹಂಗಾರೆ ನಂದು ಇನ್ನೊಂದ್ಸಲ ತೆಗೀರಿ" ಎಂದು ಗುಳಿಗೆಗೆ ಕೈ ಚಾಚಿದಳು.

ಮುಂದಿನ ವಾರ ಹೊಳಲ್ಕೆರೆಗೆ ಬಂದರು. ಈ ಸಲ ಎಣ್ಣೆ ಇಲ್ಲದ ತಲೆ. ದಾರಿಯಲ್ಲಿ ಕೇಳಿದವರಿಗೆಲ್ಲ, "ಸೂತಕ ಅಲ್ಲ, ತಲೆ ಕಾಗ್ದ ತೆಗ್ಸಾಕೆ" ಎಂದು ಹೇಳಿ ಸಾಕಾಯಿತೆಂದು ಅತ್ತೆ ಆಯಾಳ ಹತ್ತಿರ ಗೊಣಗಿದಳು. ಡಾಕ್ಟರು ಹೇಳಿದಂತೆ ಅವಳನ್ನು ಮಲಗಿಸಿ ನಿದ್ದೆ ಬರುವವರೆಗೆ ಕಾದೆವು. ನಿದ್ದೆ ಹತ್ತಿದ ಮೇಲೆ ಎಡಗಡೆಯ ಅವೇ ಎರಡು ಪೆನ್ನುಗಳು ಆಗಾಗ ಎದುರುಬದುರಾಗಿ ಚಿಮ್ಮಿದವು. ಮುಖ ನೋಡಿದೆ, ದವಡೆ ನೋಡಿದೆ, ಎರಡೂ ಸುಮ್ಮನಿದ್ದವು. ಕಂಡದ್ದನ್ನು ಕಂಡ ಹಾಗೆ ಬರೆದೆ.

ಡಾಕ್ಟರು ಗುಳಿಗೆ ಹೆಚ್ಚಿಸಿ, ಇನ್ನೊಂದು ತರದ ಗುಳಿಗೆಯನ್ನೂ ಸೇರಿಸಿದರು. ಈ ಸಲ ಅ‌ತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಬಾಯಿ ಚಪ್ಪರಿಸಿದ್ದನ್ನೂ ಮೂರ್ಛೆ ಎಂದೇ ಎಣಿಸಬೇಕು, ಒಂದೊಂದನ್ನೂ ಬರೆದಿಡಬೇಕು, ಕಾಗದ ಒಂದು ದಿನದ್ದು, ನೀವು ನೋಡುವುದು ದಿನದಿನದ್ದು ಎಂದರು.

"ಬರಿಯಾಕೆ ನಂಗೆಲ್ಲಿ ಬರ್ತೈತೆ ಸ್ವಾಮಿ? ಉಣ್ಣೆ ದಾರಕ್ಕೆ ಗಂಟು ಹಾಕ್ತೀನಿ. ದಿನಕ್ಕೊಂದು ಬೆಟ್ಟಿನಗಲ ದಾರ ಬಿಡ್ತೀನಿ" ಎಂದಳು ಅತ್ತೆ.

ಶಿಬಿರ ಮುಗಿದು ಯಂತ್ರ ಬೆಂಗಳೂರಿಗೆ ಹೋಯಿತು. ನಾನು ಎಕ್ಸ್‌ರೇ ಕೋಣೆಗೆ ಮರಳಿದೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಗುಳಿಗೆಗೆಂದು ದುರ್ಗಕ್ಕೆ ಬಂದವರು ನನ್ನನ್ನು ಕೇಳಿಕೊಂಡು ಬಂದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಕರಿಯುಣ್ಣೆಯ ದಾರದ ಉಂಡೆ ತೆಗೆದು ನನ್ನ ಕೈಗಿಟ್ಟಳು. "ನೋಡಪ್ಪ, ನೀನೇ ಓದು."

ಬಾಗಿಲ ಬೆಳಕಿನಲ್ಲಿ ನಿಂತು ದಾರ ಬಿಡಿಸಿದೆ. ಮೊದಮೊದಲು ಗಂಟುಗಳು ಹತ್ತಿರ ಹತ್ತಿರ. ಒಂದು ಕಡೆ ಮೂರು ಒಟ್ಟಿಗೆ. ಆಮೇಲೆ ಗೇಣಿಗೊಂದು, ಮೊಳಕ್ಕೊಂದು. ಕೊನೆಯಲ್ಲಿ ಎರಡು ಮೊಳ ನುಣ್ಣಗಿತ್ತು. ಬೆರಳಾಡಿಸಿ ಮತ್ತೆ ನೋಡಿದೆ, ಗಂಟು ಸಿಗಲಿಲ್ಲ. ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಚೆನ್ನಾಗಿದೆ ತಂಗಿ, ಬಿಡಬೇಡ" ಎಂದೆ.

ದಾರವನ್ನು ತಕ್ಷಣ ಹಿಂದಕ್ಕೆ ಕೊಡಲಾಗಲಿಲ್ಲ. ನಮ್ಮ ಮನೆಯಲ್ಲಿ ಎಷ್ಟು ಗಂಟಾಗಿದ್ದವೋ, ಯಾರೂ ಎಣಿಸಿರಲಿಲ್ಲ.